ವಿಷಯ: ಮುಚ್ಚಳ ತೆರೆಯದಿರುವ ಬಗ್ಗೆ

ಇವರಿಗೆ,
ಮಾನ್ಯ ಅಧ್ಯಕ್ಷರು,
ನರ್ಸ್ ದಿನಾಚರಣೆ ಉಡುಗೊರೆ ಸಮಿತಿ,
ಹೆಸರು ಹೇಳಬಾರದ ಒಂದು ಖಾಸಗಿ ಆಸ್ಪತ್ರೆ, ಹೈದರಾಬಾದ್.

ಮಾನ್ಯರೇ,

ಮೇ 12ರಂದು ಕೇಕ್ ಕತ್ತರಿಸಿದ ಮೇಲೆ ತಾವು ಕೈಯಾರೆ ಹಂಚಿದ ಸ್ಟೀಲ್ ಡಬ್ಬಿಗಳಲ್ಲಿ ಒಂದು ಅರ್ಜಿದಾರಳ ಪಾಲಿಗೂ ಬಂದಿದೆ. ಡಬ್ಬಿ ಚೆನ್ನಾಗಿದೆ, ಥಳಥಳ ಅನ್ನುತ್ತದೆ. ಮೇಲೆ ‘ನಮ್ಮ ದೇವತೆಗಳಿಗೆ’ ಎಂದು ಇಂಗ್ಲಿಷಿನಲ್ಲಿ ಕೆತ್ತಿಸಿದ್ದೀರಿ. ತೊಂದರೆ ಒಂದೇ. ಮುಚ್ಚಳ ತೆರೆಯುವುದಿಲ್ಲ.

ಮೊದಲ ದಿನ ಅರ್ಜಿದಾರಳು ಇದನ್ನು ತಪ್ಪೆಂದು ತಿಳಿಯಲಿಲ್ಲ. ದೇವತೆಗಳಿಗೆ ಹಸಿವಾಗುವುದಿಲ್ಲವಲ್ಲ. ನೈವೇದ್ಯ ಮುಂದಿಟ್ಟು, ಗಂಟೆ ಬಾರಿಸಿ, ತೆಗೆದುಕೊಂಡು ಹೋದರೆ ಸಾಕು. ನಮ್ಮ ವಾರ್ಡಿನಲ್ಲಿ ಗಂಟೆಗೇನೂ ಕೊರತೆಯಿಲ್ಲ, ಹಾಸಿಗೆಗೊಂದು ಇದೆ.

ಅರ್ಜಿದಾರಳು ಬೀದರ್ ಜಿಲ್ಲೆಯವಳು. ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಈ ಊರಿಗೆ ಬಂದು ಹನ್ನೊಂದು ವರ್ಷವಾಯಿತು. ಬೀದರ್, ಕಲಬುರಗಿ, ರಾಯಚೂರಿನವರಿಗೆ ದೊಡ್ಡ ಜಡ್ಡಾದರೆ ನಿಜಾಮರ ಕಾಲದಿಂದಲೂ ಹೈದರಾಬಾದಿನ ದಾರಿಯೇ ಕಾಲಿಗೆ ರೂಢಿ. ಹಾಗಾಗಿ ಯಾವ ಮಹಡಿಗೆ ಕನ್ನಡದ ಪೇಷಂಟ್ ಬಂದರೂ ‘ಆ ಬೀದರ್ ಸಿಸ್ಟರನ್ನ ಕರೀರಿ’ ಎಂದು ಫೋನು ಬರುತ್ತದೆ. ದುಭಾಷಿಯ ಕೆಲಸಕ್ಕೆ ಸಂಬಳವಿಲ್ಲ. ಅದನ್ನೂ ದೇವತೆಯ ಲೆಕ್ಕಕ್ಕೆ ಹಾಕಿಕೊಂಡಿದ್ದೀರಿ ಎಂದು ಅವಳು ನಂಬಿದ್ದಾಳೆ.

ಡಬ್ಬಿಯಲ್ಲಿ ಮೊದಲ ಸಲ ಊಟ ತಂದ ರಾತ್ರಿ ವಾರ್ಡಿನಲ್ಲಿ ರೋಗಿಗಳು 28 ಜನ, ನರ್ಸುಗಳು ಇಬ್ಬರು. ತಲೆಗೆ ಹದಿನಾಲ್ಕು. ಎರಡು ಗಂಟೆಗೆ ಡಬ್ಬಿ ಹೊರಬಂತು. ಒಳಗೆ ಜೋಳದ ರೊಟ್ಟಿ, ಪುಂಡಿಪಲ್ಯ. ಉಗುರಿನಿಂದ ಎಬ್ಬಿಸಿ ನೋಡಿದಳು, ಚಮಚದ ಹಿಡಿಯಿಂದ ಮೀಟಿದಳು, ಕೊನೆಗೆ ಯಾರಿಗೂ ಹೇಳಬಾರದು, ಆರ್ಟರಿ ಫೋರ್ಸೆಪ್ಸ್ ಕೂಡ ಹಾಕಿದಳು. ಜಗ್ಗಲಿಲ್ಲ. ಅಷ್ಟರಲ್ಲಿ ಒಂಬತ್ತನೇ ಹಾಸಿಗೆಯ ಸಲೈನ್ ಮುಗಿಯಿತು, ಆರನೆಯವರ ಶುಗರ್ ಇಳಿಯಿತು, ಇಬ್ಬರು ಅಟೆಂಡೆಂಟರು ಒಂದು ಕುರ್ಚಿಗಾಗಿ ಜಗಳಕ್ಕೆ ನಿಂತರು.

ತಿರುಗಿ ಬಂದಾಗ ಹನ್ನೊಂದನೇ ಹಾಸಿಗೆಯ ಭಾಲ್ಕಿ ಕಡೆಯ ಅಜ್ಜಿ ಎದ್ದು ಕೂತಿದ್ದಳು. “ಉಂಡಿ ಇಲ್ಲ, ಯವ್ವಾ?”

“ಮುಚ್ಚಳ ಬರವಲ್ದು, ಆಯಿ.”

“ಕೊಡಿಲ್ಲಿ.” ಹೊಲದಾಗ ದುಡಿದ ಕೈ. ಡಬ್ಬಿಯನ್ನು ಎದೆಗೊತ್ತಿ ಒಂದೇ ಸಲ ತಿರುವಿದಳು. ತೆರೆದದ್ದು ಡಬ್ಬಿಯಲ್ಲ, ಅಜ್ಜಿಯ ಕೈಯ ಕ್ಯಾನುಲಾ. ಕೊಳವೆಯಲ್ಲಿ ರಕ್ತ ಮೇಲೇರಿತು. ಆ ವಯಸ್ಸಿನ ಕೈಯಲ್ಲಿ ಹೊಸ ನರ ಹುಡುಕಿ, ಚುಚ್ಚಿ, ಪ್ಲಾಸ್ಟರ್ ಹಚ್ಚಿ, ಚಾರ್ಟಿನಲ್ಲಿ ಬರೆಯುವ ಹೊತ್ತಿಗೆ ಮೂರೂವರೆ. ಕಾರಣದ ಕಾಲಮ್ಮಿನಲ್ಲಿ ‘ಊಟದ ಡಬ್ಬಿ’ ಎಂದು ಬರೆಯಲು ಅರ್ಜಿದಾರಳಿಗೆ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಹ್ಯಾಂಡೋವರ್ ಮುಗಿಸಿದಾಗ ಒಂಬತ್ತಾಗಿತ್ತು. ಡಬ್ಬಿಯ ತಳದಲ್ಲಿ ಬೇಗಂ ಬಜಾರಿನ ಅಂಗಡಿಯ ಚೀಟಿ ಇತ್ತು. ಮನೆಗೆ ಹೋಗಿ ಮಲಗುವುದು ಬಿಟ್ಟು ಅಫ್ಜಲ್‌ಗಂಜ್ ಬಸ್ಸು ಹತ್ತಿದ್ದು ಅವಳದೇ ತಪ್ಪು, ಅದಕ್ಕೆ ಸಮಿತಿ ಹೊಣೆಯಲ್ಲ.

ಅಫ್ಜಲ್‌ಗಂಜಿನಲ್ಲಿ ಇಳಿದರೆ ಉಸ್ಮಾನಿಯಾ ಆಸ್ಪತ್ರೆ. ಅದರ ಆವರಣದಲ್ಲೊಂದು ಹುಣಸೆಮರವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಊರನ್ನೇ ಕೊಚ್ಚಿಕೊಂಡು ಹೋದಾಗ ಸುಮಾರು 150 ಜನ ಈ ಮರ ಹತ್ತಿ ಜೀವ ಉಳಿಸಿಕೊಂಡರು. ಒಂದು ಮರ, 150 ಜೀವ! ಅರ್ಜಿದಾರಳಿಗೆ ತಮ್ಮ ನೆನಪಾಯಿತು. ತಾವು ಹುಡುಕುತ್ತಿರುವ ನರ್ಸ್ ಇದೇ. ನಿಂತಲ್ಲೇ ನಿಂತಿರುತ್ತದೆ, ಸಿಎಲ್ ಕೇಳುವುದಿಲ್ಲ, ಡಬ್ಬಿಯೂ ಬೇಡ. ಮೆಚ್ಚಿ ನಾಲ್ಕು ಮಾತಾಡಲು ಜನ ಸೇರುವುದೂ ವರ್ಷಕ್ಕೊಂದು ದಿನವೇ. ತಾವು ಇಂಟರ್‌ವ್ಯೂಗೆ ಕರೆದರೆ ಅಸಲು ಸರ್ಟಿಫಿಕೇಟು ಒತ್ತೆಯಿಡಲು ಅದರ ಬಳಿ ಇಲ್ಲ ಅನ್ನುವುದೊಂದೇ ಕೊರತೆ. ನಮ್ಮವೆಲ್ಲ ತಮ್ಮ ಬೀರುವಿನಲ್ಲಿವೆ. ಆ ಮುಚ್ಚಳವೂ ತೆರೆಯುವುದಿಲ್ಲ.

ಉಸ್ಮಾನಿಯಾದ ಹಳೆಯ ಕಟ್ಟಡಕ್ಕೆ ಈಗ ಬೀಗ. 2020ರ ಜುಲೈನಲ್ಲಿ ಮಳೆನೀರು ವಾರ್ಡಿನೊಳಗೇ ನುಗ್ಗಿದ ಮೇಲೆ ಅದನ್ನು ಖಾಲಿ ಮಾಡಿಸಿದರು. ಹೊಸ ಆಸ್ಪತ್ರೆಗೆ 2025ರ ಜನವರಿ 31ರಂದು ಬೇಗಂ ಬಜಾರಿನ ಪಕ್ಕದ ಗೋಶಾಮಹಲ್‌ನಲ್ಲಿ ಶಂಕುಸ್ಥಾಪನೆಯಾಯಿತು. 2,000 ಹಾಸಿಗೆ ಎಂದು ಪೇಪರಿನವರು ದಪ್ಪಕ್ಷರದಲ್ಲಿ ಹಾಕಿದ್ದರು. ಹಾಸಿಗೆ ತಾನಾಗಿ ಎದ್ದು ಸಲೈನ್ ಬದಲಿಸುವುದಿಲ್ಲವಾದ್ದರಿಂದ ಅರ್ಜಿದಾರಳು ಆ ಸುದ್ದಿಯಲ್ಲಿ ಬೇರೆ ಒಂದು ಸಂಖ್ಯೆ ಹುಡುಕುತ್ತಿದ್ದಳು.

ಬೇಗಂ ಬಜಾರು ಹನ್ನೊಂದಕ್ಕೆ ಮೊದಲು ಕಣ್ಣು ಬಿಡುವುದಿಲ್ಲ. ನಿಜಾಂ ಅಲಿ ಖಾನನ ಬೇಗಂ ಹಮ್ದಾ ವ್ಯಾಪಾರಿಗಳಿಗೆ ಬಿಟ್ಟುಕೊಟ್ಟ ಜಾಗ ಇದು ಅನ್ನುತ್ತಾರೆ. ಅರ್ಜಿದಾರಳು ಅಲ್ಲೇ ಒಂದು ಚಾ ಕುಡಿದಳು, ಇನ್ನೊಂದು ಕುಡಿದಳು, ಮುಚ್ಚಿದ ಶಟರಿಗೆ ಒರಗಿ ನಿಂತೇ ತೂಕಡಿಸಿದಳು. ನಿಂತು ನಿದ್ದೆ ಮಾಡುವುದು ನೈಟ್ ಡ್ಯೂಟಿಯವರಿಗೆ ಹೊಸದಲ್ಲ. ಎಚ್ಚರವಾದಾಗ ತಲೆಯ ಮೇಲೆ ಬಾದಾಮಿ ಮೂಟೆ ಹೊತ್ತ ಹಮಾಲಿಯೊಬ್ಬ “ಹಟೋ, ಅಮ್ಮಾ” ಅನ್ನುತ್ತಿದ್ದ.

ಅಂಗಡಿಯ ಸೇಠ್‌ಜಿ ಡಬ್ಬಿಯನ್ನು ಗುರುತಿಸಿದರು. ಬದಲಾಯಿಸಿ ಕೊಡಿ ಅಂದರೆ, ಇದು ಹೋಲ್‌ಸೇಲ್, “ಡಜನ್ ಸೆ ಕಮ್ ನಹೀಂ, ಸಿಸ್ಟರ್.” ಒಂದು ಡಬ್ಬಿ ಕೊಡುವುದೂ ಇಲ್ಲ, ಒಂದು ಡಬ್ಬಿ ತಗೊಳ್ಳುವುದೂ ಇಲ್ಲ. ಡಜನ್ನಿಗೆ ಎಷ್ಟು ಎಂದು ಅವರೇ ಬಾಯಿಬಿಟ್ಟರು. ತಾವು ಬಿಲ್ಲಿನಲ್ಲಿ ಎಷ್ಟು ತೋರಿಸಿದ್ದೀರೆಂದು ಅರ್ಜಿದಾರಳು ಕೇಳುವುದಿಲ್ಲ.

ಆಮೇಲೆ ಅವರು ಜೇಬಿನಿಂದ ಒಂದು ಕಾಗದ ತೆಗೆದರು. ಶುಗರ್ ರಿಪೋರ್ಟು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಬಾಡಿಗೆ ಕೇಳಲು ಬಂದ ಮನೆ ಮಾಲೀಕರಲ್ಲಿ ಎಲ್ಲೆಲ್ಲೂ ಈ ಕಾಗದ ಇರುತ್ತದೆ. ನಿದ್ದೆಗಣ್ಣಿನಲ್ಲೇ ಓದಿ, ಮೂರು ತಿಂಗಳ ಸರಾಸರಿ ಜಾಸ್ತಿಯಿದೆ, ಈ ವಾರವೇ ಡಾಕ್ಟರಿಗೆ ತೋರಿಸಿ, ಬರಿಗಾಲಲ್ಲಿ ಓಡಾಡಬೇಡಿ ಎಂದು ಹೇಳಿದಳು. ಸೇಠ್‌ಜಿ ಕೈಮುಗಿದರು. ಡಬ್ಬಿಯ ವಿಷಯ? ಡಜನ್ ಸೆ ಕಮ್ ನಹೀಂ.

ಆದರೆ ಮುಚ್ಚಳ ತೆಗೆದುಕೊಟ್ಟರು. ಅಂಚನ್ನು ಬಿಸಿನೀರಿಗೆ ಹಿಡಿದು, ರಬ್ಬರ್ ರಿಂಗಿನ ಸಂದಿಗೆ ಒಂದು ಪಿನ್ನು ತೂರಿಸಿದರು. ‘ಸುಂಯ್’ ಎಂದು ಗಾಳಿ ಒಳಹೋಯಿತು, ಮುಚ್ಚಳ ಕೈಗೆ ಬಂತು. ಪುಂಡಿಪಲ್ಯ ಹುಳಿಯ ಮೇಲೆ ಹುಳಿಯಾಗಿತ್ತು. ಡಬ್ಬಿಯಲ್ಲಿ ದೋಷವೇ ಇಲ್ಲವಂತೆ. ಬಿಸಿ ಪಲ್ಯ ಹಾಕಿ ತಕ್ಷಣ ಮುಚ್ಚಿದರೆ ಒಳಗಿನ ಹಬೆ ತಣಿದು ಮುಚ್ಚಳವನ್ನು ಎಳೆದು ಹಿಡಿಯುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಆಮೇಲೆ ಮುಚ್ಚಬೇಕು.

ಹತ್ತು ನಿಮಿಷ!

ಮಾನ್ಯರೇ, ಇಲ್ಲಿಯವರೆಗೆ ಅರ್ಜಿದಾರಳು ತಮಾಷೆಯಾಗಿಯೇ ಬರೆದಳು. ಹತ್ತು ನಿಮಿಷ ಅನ್ನುವ ಮಾತು ಕೇಳಿದ ಮೇಲೆ ತಮಾಷೆ ಬರುತ್ತಿಲ್ಲ. ಮೂತ್ರಕ್ಕೆ ಹೋಗುವುದನ್ನು ತಡೆದು ತಡೆದು ಇನ್ಫೆಕ್ಷನ್ ಮಾಡಿಕೊಂಡ ಹುಡುಗಿಯರು ನಮ್ಮ ವಾರ್ಡಿನಲ್ಲಿದ್ದಾರೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಜನರಲ್ ವಾರ್ಡಿನ ಐವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು, ಬೋಧನಾ ಆಸ್ಪತ್ರೆಯಾದರೆ ಮೂವರಿಗೊಬ್ಬರು. ತಾವು ಕೊಟ್ಟದ್ದು ಹದಿನಾಲ್ಕಕ್ಕೆ ಒಬ್ಬರು. ತಪಾಸಣೆಯ ದಿನ ಮಾತ್ರ ನರ್ಸಿಂಗ್ ಕಾಲೇಜಿನ ಮಕ್ಕಳಿಗೆ ಯೂನಿಫಾರ್ಮ್ ತೊಡಿಸಿ ನಿಲ್ಲಿಸುತ್ತೀರಿ. ಆ ದಿನ ರೋಗಿಗಳೇ ಗಾಬರಿಯಾಗುತ್ತಾರೆ, ತಮಗೇನೋ ದೊಡ್ಡದೇ ಆಗಿದೆ ಎಂದು.

2024ರ ಜನವರಿ 31ರಂದು ಎಲ್‌ಬಿ ಸ್ಟೇಡಿಯಂನಲ್ಲಿ ತೆಲಂಗಾಣ ಸರ್ಕಾರ 6,956 ನರ್ಸಿಂಗ್ ಆಫೀಸರುಗಳಿಗೆ ನೇಮಕದ ಆದೇಶ ಕೊಟ್ಟಿತು. ಅವರಲ್ಲಿ ಮೂವರು ನಮ್ಮ ವಾರ್ಡಿನವರು. ಹೋಗುವಾಗ ಅತ್ತುಕೊಂಡು, ನಗುತ್ತಾ ಹೋದರು. ಅವರ ಜಾಗಕ್ಕೆ ಬಂದದ್ದು ಈ ಡಬ್ಬಿ.

ಸಂಬಳದ ಮಾತು ಎತ್ತಬಾರದೆಂದೇ ಇದ್ದಳು. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿ ಶಿಫಾರಸು ಮಾಡಿತ್ತು: 200ಕ್ಕೂ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿನಷ್ಟೇ ಸಂಬಳ, 50ಕ್ಕಿಂತ ಕಡಿಮೆ ಹಾಸಿಗೆಯದಾದರೂ 20,000 ರೂಪಾಯಿಗೆ ಇಳಿಯಬಾರದು. ರಸ್ತೆಯ ಬೋರ್ಡಿನಲ್ಲಿ ತಮ್ಮವು 250 ಹಾಸಿಗೆ, ಸಂಬಳದ ದಿನ ಬಂದರೆ 49. ಉಳಿದ 201 ಹಾಸಿಗೆಗಳು ಆ ಒಂದು ದಿನ ಎಲ್ಲಿ ಹೋಗಿ ಮಲಗುತ್ತವೋ.

ದೇವತೆ ಅನ್ನುವ ಮಾತಿನ ಬಗ್ಗೆ ಅರ್ಜಿದಾರಳಿಗೆ ಹಳೆಯ ಭಯವಿದೆ. 2020ರ ಮೇ 3ರಂದು, ಕೋವಿಡ್ ಕಾಲದಲ್ಲಿ, ವಾಯುಪಡೆಯ ಹೆಲಿಕಾಪ್ಟರ್ ಗಾಂಧಿ ಆಸ್ಪತ್ರೆಯ ಮೇಲೆ ಹೂವಿನ ಪಕಳೆ ಸುರಿಸಿತು. ಅಕ್ಷರಶಃ ಪುಷ್ಪವೃಷ್ಟಿ. 2021ರ ಜುಲೈನಲ್ಲಿ ಇದೇ ರಾಜ್ಯದ 1,600ಕ್ಕೂ ಹೆಚ್ಚು ಹೊರಗುತ್ತಿಗೆ ನರ್ಸುಗಳನ್ನು ಇನ್ನು ಬೇಡ ಎಂದು ಮನೆಗೆ ಕಳಿಸಿದರು. ಅವರು ರಸ್ತೆಗಿಳಿದು ಕೂಗಿದರು. ಆ ದಿನ ಮೇಲಿಂದ ಏನೂ ಬೀಳಲಿಲ್ಲ.

ಆದ್ದರಿಂದ ಸಮಿತಿಗೆ ಕೋರಿಕೆ: ಮುಂದಿನ ಮೇ 12ಕ್ಕೆ ಡಬ್ಬಿ, ಮಗ್ಗು, ಗೋಡೆ ಗಡಿಯಾರ, ಗುಲಾಬಿ ಏನೂ ಬೇಡ. ನರ್ಸುಗಳನ್ನು ತರಿಸಿ. ಬೇಗಂ ಬಜಾರಿನ ಕಟ್ಟಳೆಯಂತೆಯೇ ತರಿಸಿ, ಡಜನ್ ಸೆ ಕಮ್ ನಹೀಂ.

ಸದರಿ ಡಬ್ಬಿಯನ್ನು ಇದರೊಂದಿಗೆ ವಾಪಸ್ ಕಳಿಸಲಾಗಿದೆ. ಬೇಗಂ ಬಜಾರಿನಿಂದ ಬಂದ ಸಂಜೆಯೇ ಮತ್ತೆ ನೈಟ್ ಡ್ಯೂಟಿ ಇತ್ತು, ಹತ್ತು ನಿಮಿಷ ಇರಲಿಲ್ಲ, ಹಾಗೇ ಬಿಸಿಬಿಸಿಯಾಗಿ ಮುಚ್ಚಿದಳು.

ಇತಿ,
ಎರಡನೇ ಮಹಡಿ, ಹದಿನಾಲ್ಕು ಹಾಸಿಗೆಯ ದೇವತೆ

ಲಗತ್ತು: 1. ಡಬ್ಬಿ, ಒಂದು. 2. ಮುಚ್ಚಳ, ಡಬ್ಬಿಗೆ ಕಚ್ಚಿಕೊಂಡೇ ಇದೆ. 3. ಒಳಗೆ ಮಂಗಳವಾರದ ಪುಂಡಿಪಲ್ಯ. ಪಿನ್ನನ್ನು ತಾವೇ ಹುಡುಕಿಕೊಳ್ಳಬೇಕು.