ಹಿಂದಿನ ಸೀಟಿನ ಸುಖ

8 ಲಕ್ಷ ಕೊಟ್ಟು ಹೊಸ ಕಾರು ಕೊಂಡವನು 8 ಲಕ್ಷದ ಮನುಷ್ಯ. ಅದೇ 8 ಲಕ್ಷಕ್ಕೆ, ಒಂದು ಕಾಲದಲ್ಲಿ 30 ಲಕ್ಷ ಬಾಳುತ್ತಿದ್ದ ಹಳೇ ಕಾರು ಕೊಂಡವನು 30 ಲಕ್ಷದ ಮನುಷ್ಯ. ಇಷ್ಟು ಸರಳವಾದ ಲೆಕ್ಕ ಮೈಸೂರಿನಲ್ಲಿ ಬೇರೆ ಯಾರಿಗೂ ಯಾಕೆ ಹೊಳೆದಿಲ್ಲ ಅಂತ ನನಗೆ ನನ್ನ ತಲೆಯ ಮೇಲೇ ಅಭಿಮಾನ ಉಕ್ಕಿತು. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಊರವರ ಲೆಕ್ಕ ನೋಡಿದವನಿಗೆ ಸ್ವಂತಕ್ಕೆ ಒಂದಾದರೂ ಲೆಕ್ಕ ಹೊಳೆಯಬಾರದೇ?

ನಿಮ್ಮ ಮನೆಯಲ್ಲೂ ಹೀಗೇ ಇರುತ್ತದೆ, ನನಗೆ ಗೊತ್ತು. ಗಂಡಸಿಗೆ ಏನಾದರೂ ಹೊಳೆದರೆ ಅದನ್ನು ನೇರವಾಗಿ ಹೇಳುವ ಹಾಗಿಲ್ಲ. ಯಾರದಾದರೂ ಆರೋಗ್ಯದ ಮೂಲಕ ಹೇಳಬೇಕು. ನಾನು ಹೆಂಡತಿಯ ಸೊಂಟನೋವನ್ನು ಆರಿಸಿಕೊಂಡೆ.

“ಈ ಡಬ್ಬಿ ಕಾರಲ್ಲಿ ನಂಜನಗೂಡಿಗೆ ಹೋಗಿ ಬರೋಷ್ಟರಲ್ಲಿ ನೀನು ಎಷ್ಟು ನರಳ್ತೀಯ. ಮೆತ್ತಗಿರೋ ದೊಡ್ಡ ಸೆಡಾನ್ ಒಂದು ತಗೊಂಡುಬಿಡೋಣ ಕಣೇ. ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ.”

“ನನ್ನ ಸೊಂಟದ ಹೆಸರಲ್ಲಿ ನಿಮ್ಮ ಶೋಕಿ ತೀರಿಸ್ಕೋಬೇಡಿ ರೀ” ಅಂದಳು.

ಬೇಡ ಅನ್ನಲಿಲ್ಲವಲ್ಲ. ಒಪ್ಪಿಗೆ ಸಿಕ್ಕಿತು ಅಂತ ಅಂದೇ ರಾತ್ರಿ ಫೋನಿನಲ್ಲಿ ಜಾಹೀರಾತು ನೋಡುತ್ತಾ ಕೂತೆ.

ಜಾಹೀರಾತುಗಳನ್ನು ನೋಡಿದರೆ, ಕರ್ನಾಟಕದಲ್ಲಿ ಮಾರಾಟಕ್ಕಿರುವ ಹಳೇ ಐಷಾರಾಮಿ ಕಾರುಗಳೆಲ್ಲ ಡಾಕ್ಟರುಗಳವು. ಒಬ್ಬರೇ ಓನರು. ಭಾನುವಾರ ಮಾತ್ರ ಹೊರಗೆ ತೆಗೆದದ್ದು, ಅದೂ ದೇವಸ್ಥಾನಕ್ಕೆ. ಉಳಿದ ಆರು ದಿನ ಈ ಡಾಕ್ಟರುಗಳು ಆಸ್ಪತ್ರೆಗೆ ನಡೆದೇ ಹೋಗುತ್ತಿದ್ದರೋ ಏನೋ, ಪಾಪ.

ಮೊದಲು ಹೋದದ್ದು ಬೆಂಗಳೂರಿನ ಒಂದು ಯಾರ್ಡಿಗೆ. ಸಂಸಾರ ಸಮೇತ. ಜೊತೆಗೆ ನಮ್ಮ ಬೀದಿಯ ಮೆಕ್ಯಾನಿಕ್ ಭಾಯ್. ಅಲ್ಲೊಂದು ಕಪ್ಪು ಜರ್ಮನ್ ಕಾರು ನಿಂತಿತ್ತು. ಹೊಸದರಲ್ಲಿ 60 ಲಕ್ಷವಂತೆ, ಈಗ ನನ್ನ ಬಜೆಟ್ಟಿಗೇ ಬರುತ್ತದಂತೆ. ಬ್ರೋಕರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಸಾರ್, ನಿಮ್ಮ ಪರ್ಸನಾಲಿಟಿಗೆ ಹೇಳಿ ಮಾಡಿಸಿದಂಗಿದೆ” ಅಂದ. ನಾನು ತಕ್ಷಣ ಹೊಟ್ಟೆ ಒಳಗೆ ಎಳೆದುಕೊಂಡು ಸ್ಟೀರಿಂಗ್ ಹಿಂದೆ ಕೂತೆ. ಹೊರಗೆ ನಿಂತಿದ್ದ ಮಗಳು ಫೋಟೋ ತೆಗೆದು ತೋರಿಸಿದಳು. ಅದರಲ್ಲಿ ಕಾರಿತ್ತು, ಸ್ಟೀರಿಂಗ್ ಇತ್ತು, ಅದರ ಮೇಲೆ ಎರಡು ಹುಬ್ಬು ಇದ್ದವು.

ಬ್ರೋಕರ್ ಇಂಜಿನ್ ಸ್ಟಾರ್ಟ್ ಮಾಡಿಸಿದ. ಏನಾಶ್ಚರ್ಯ! ಕಾರು ಮೆಲ್ಲಗೆ ಮೇಲೆದ್ದಿತು.

“ನೋಡೇ, ನನ್ನ ನೋಡಿ ಎದ್ದು ನಿಂತುಕೊಳ್ತು!” ಅಂದೆ.

“ಎದ್ದು ನಿಂತಿದ್ದಲ್ಲ ಸಾರ್,” ಭಾಯ್ ನೆಲಕ್ಕೆ ಕೆನ್ನೆ ಹಚ್ಚಿಕೊಂಡು ಹೇಳಿದ, “ರಾತ್ರಿಯೆಲ್ಲ ಕುಸಿದು ಕೂತಿತ್ತು. ಗಾಳಿ ಸೋರ್ತಾ ಇದೆ.”

ಆಮೇಲೆ ಅವನು ವಿವರಿಸಿದ. ಇಂಥ ಕಾರಿಗೆ ಕಬ್ಬಿಣದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತವೆ. ಮೆತ್ತಗೆ ತೇಲುವ ಸುಖವೆಲ್ಲ ಬರುವುದು ಅದರಿಂದಲೇ. ರಬ್ಬರಿಗೆ ವಯಸ್ಸಾದರೆ ಬಿರುಕು ಬಿಡುತ್ತದೆ. ಸೋರಿದ ಗಾಳಿ ತುಂಬಿಸಿ ತುಂಬಿಸಿ ಕಂಪ್ರೆಸರ್ ಸುಟ್ಟುಹೋಗುತ್ತದೆ. ಎಲ್ಲಾ ಬದಲಾಯಿಸಲು ಎಷ್ಟಾಗುತ್ತದೆ ಅಂತ ಅವನು ನನ್ನ ಕಿವಿಯಲ್ಲಿ ಹೇಳಿದ. ಕಿವಿಯಲ್ಲಿ ಹೇಳಿದ್ದೂ ನನ್ನ ಹೆಂಡತಿಗೆ ಕೇಳುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ.

“ಎಂಟು ಲಕ್ಷದ ಕಾರಿಗೆ ಅಷ್ಟಾ?” ಅಂದೆ.

“ಕಾರಿನ ರೇಟು ಇಳೀತದೆ ಸಾರ್, ಪಾರ್ಟಿನ ರೇಟು ಇಳಿಯಲ್ಲ. ಎಂಟು ಲಕ್ಷಕ್ಕೆ ಬಂದಿದೀನಿ ಅಂತ ಆ ಪಾರ್ಟಿಗೆ ಎಲ್ಲಿ ಗೊತ್ತು? ಅದು ಈಗ್ಲೂ ಅರವತ್ತು ಲಕ್ಷದ ಕಾರಿನ ಪಾರ್ಟೇ.”

ನನ್ನ ಲೆಕ್ಕ ಅರ್ಧ ಸತ್ತದ್ದು ಅಲ್ಲಿ. ಉಳಿದರ್ಧವನ್ನು ನನ್ನ ಹೆಂಡತಿಯ ತಮ್ಮ ಬದುಕಿಸಿದ. ಅವನು ಬೆಂಗಳೂರಿನವನು, ಆದ್ದರಿಂದ ಎಲ್ಲಾ ತಿಳಿದವನು. “ಭಾವ, ಇಲ್ಲಿ ಯಾಕೆ ನೋಡ್ತೀರಿ? ಡೆಲ್ಲಿಯಿಂದ ತರಿಸಿ” ಅಂದ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದು ಅಂತ ಹಸಿರು ನ್ಯಾಯಮಂಡಳಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತಲ್ಲ, ಅಂದಿನಿಂದ ಆ ಕಡೆಯ ದೊಡ್ಡ ದೊಡ್ಡ ಕಾರುಗಳು ದಕ್ಷಿಣಕ್ಕೆ ಗುಳೆ ಹೊರಟಿವೆ. ಬೆಲೆ ಕೇಳಿ ನನಗೆ ಬಾಯಲ್ಲಿ ನೀರೂರಿತು. ಆದರೆ ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಕೆಎ ನಂಬರ್ ಮಾಡಿಸಬೇಕು, ನಮ್ಮ ರಾಜ್ಯದ ಆಜೀವ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ಅದು 18 ಪರ್ಸೆಂಟ್. ಕಾರಿಗೆ ವಯಸ್ಸಾದಂತೆ ಕಡಿಮೆಯಾಗುವುದು ನಿಜ, ಆದರೆ ಎಣಿಕೆ ಶುರುವಾಗುವುದು ಅದು ಮದುಮಗನಾಗಿದ್ದಾಗಿನ ಬೆಲೆಯಿಂದ. ಭಾಯ್ ಹೇಳಿದ ಪಾರ್ಟಿನ ನ್ಯಾಯವೇ ಆರ್‌ಟಿಒ ಆಫೀಸಿನದೂ. ಭಾವಮೈದ ವಿಷಯ ಬದಲಿಸಿ ಕ್ರಿಕೆಟ್ ಮಾತಾಡಿದ.

ಇನ್ನೊಂದು ಬಿಳಿ ಕಾರನ್ನೂ ಅವನೇ ಹುಡುಕಿದ್ದು. ನೋಡಲು ಲಕಲಕ. ಬೆಲೆ ಅನುಮಾನ ಬರುವಷ್ಟು ಕಡಿಮೆ. ಒಳಗೆ ಮಲ್ಲಿಗೆ ಸೆಂಟು ಎಷ್ಟು ಹೊಡೆದಿದ್ದರೆಂದರೆ ನನಗೆ ಕಣ್ಣಲ್ಲಿ ನೀರು ಬಂತು. ಅಮ್ಮ ಮಾತ್ರ ಬಾಗಿಲಲ್ಲೇ ನಿಂತು ಮೂಗರಳಿಸಿ, “ಇದ್ರೊಳಗೆ ಎಲ್ಲೋ ಒದ್ದೆ ಬಟ್ಟೆ ಇದೆ ಕಣೋ” ಅಂದಳು. ಬಟ್ಟೆ ಎಲ್ಲಿಂದ ಬರಬೇಕು ಅಂತ ನಾನು ನಕ್ಕೆ. ಭಾಯ್ ನಗಲಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದ. ಯಾರೂ ಎಳೆಯದ ಆ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ನೀಟಾಗಿ ಕೂತಿತ್ತು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಯಮಲೂರು ಕಡೆ ಬಂಗಲೆಗಳ ಮುಂದೆ ಕೋಟಿಗಟ್ಟಲೆ ಬಾಳುವ ಕಾರುಗಳು ಮುಳುಗಿ ನಿಂತದ್ದನ್ನು ನಾವು ಮೈಸೂರಿನಲ್ಲಿ ಕೂತು ಟೀವಿಯಲ್ಲಿ ನೋಡಿ, ದುಡ್ಡಿದ್ದವರ ಕಷ್ಟಕ್ಕೆ ಮರುಗಿದ್ದೆವು. ಅಂಥ ಕಷ್ಟ ಡಿಸ್ಕೌಂಟಿನಲ್ಲಿ ನಮ್ಮ ಮನೆಗೇ ಬರಲು ನೋಡುತ್ತಿತ್ತು.

ಎಲ್ಲರೂ ಏನಾದರೊಂದು ಕಂಡುಹಿಡಿಯುತ್ತಿದ್ದಾರೆ, ನಾನೊಬ್ಬ ಸುಮ್ಮನೆ ಪರ್ಸ್ ಹಿಡಿದು ನಿಲ್ಲುವುದೇ? ರಾತ್ರಿ ಕೂತು ಅಭ್ಯಾಸ ಮಾಡಿದೆ. ಕಿಲೋಮೀಟರ್ ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಆದರೆ ಸವೆದ ಬ್ರೇಕ್ ಪೆಡಲಿನ ರಬ್ಬರು ಸುಳ್ಳು ಹೇಳುವುದಿಲ್ಲ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 3116 ಅಂತಿದ್ದರೆ 2016ನೇ ಇಸವಿಯ 31ನೇ ವಾರ ಹುಟ್ಟಿದ ಟೈರು. ಮುಂದಿನ ಯಾರ್ಡಿನಲ್ಲಿ ಈ ಜ್ಞಾನವನ್ನು ಬ್ರೋಕರಿನ ಎದುರು ಪ್ರಯೋಗಿಸಿದೆ. ಕನ್ನಡಕ ಸರಿಮಾಡಿಕೊಂಡು, ಕುಕ್ಕರಗಾಲಲ್ಲಿ ಕೂತು, ಕತ್ತು ತಿರುಗಿಸಿ, ಟೈರಿನ ಒಳಮೈಯಲ್ಲಿದ್ದ ಅಂಕಿ ಓದಿದೆ. ಓದಿದ್ದು ಸರಿಯಾಗಿತ್ತು. ಏಳಲು ಮಾತ್ರ ಆಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಬ್ರೋಕರೂ ಭಾಯಿಯೂ ಆಚೆ ಈಚೆ ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದರು. “ಈಗ ನಿಜವಾಗ್ಲೂ ಮೆತ್ತಗಿರೋ ಕಾರು ಬೇಕಾಗಿರೋದು ಯಾರಿಗೆ ಅಂತ ಗೊತ್ತಾಯ್ತು” ಅಂದಳು ನನ್ನ ಧರ್ಮಪತ್ನಿ. ವಾಪಸು ಬರುವಾಗ ನಮ್ಮ ಡಬ್ಬಿ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿಕೊಂಡು ಬಂದೆ. ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿದರು. ನನಗೆ ಕಿಟಕಿಯಿಂದ ಕೊಟ್ಟರು.

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಪ್ರಶ್ನೆ ಎದ್ದಿತ್ತು. ನಮ್ಮ ಪೋರ್ಟಿಕೊ ಕಟ್ಟಿಸಿದ್ದು ಮಾರುತಿ 800 ಇದ್ದ ಕಾಲದಲ್ಲಿ. ಆ ಕಾರಿನ ಉದ್ದ 3.3 ಮೀಟರ್. ನಾನು ಕನಸು ಕಾಣುತ್ತಿದ್ದ ಕಾರುಗಳೆಲ್ಲ 4.8ರ ಸುತ್ತಮುತ್ತಲಿನವು. ಟೇಪ್ ಹಿಡಿದು ಗೋಡೆಯಿಂದ ಅಳೆದೆ. ಗೇಟಿನಿಂದ ಅಳೆದೆ. ಮೂಲೆಯಿಂದ ಮೂಲೆಗೆ ಅಳೆದೆ. ಹೇಗೆ ಅಳೆದರೂ ತುಳಸಿಕಟ್ಟೆ ಡಿಕ್ಕಿಯೊಳಗೆ ಬರುತ್ತಿತ್ತು.

“ತುಳಸಿಕಟ್ಟೆ ಸ್ವಲ್ಪ ಆ ಕಡೆ...” ಅಂತ ಶುರುಮಾಡಿದೆ. ಅಮ್ಮ ಜಪದ ಮಧ್ಯೆ ಒಂದು ಕಣ್ಣು ಬಿಟ್ಟಳು. ನಾನು ಟೇಪ್ ಸುತ್ತಿಟ್ಟೆ.

ಹೀಗೆ ಎಲ್ಲ ಕಡೆಯಿಂದ ಸೋತು ಕೂತಿದ್ದಾಗ ಭಾಯ್ ಒಂದು ಕ್ಯಾಮ್ರಿ ಹೈಬ್ರಿಡ್ ಸುದ್ದಿ ತಂದ. “ಜರ್ಮನ್ ಬಿಡಿ ಸಾರ್. ಇದು 2013ರಿಂದ ನಮ್ಮ ಬಿಡದಿಯಲ್ಲೇ ಜೋಡಿಸ್ತಿರೋ ಕಾರು” ಅಂದ. ಇಷ್ಟು ದಿನ ಯಾವ ಕಾರಿನ ಹೆಸರಿಗೂ ತಲೆಯೆತ್ತದ ನನ್ನ ಹೆಂಡತಿ, “ಬಿಡದಿಯದಾ? ಹಾಗಾದ್ರೆ ತಟ್ಟೆ ಇಡ್ಲಿ ಥರ ಮೆತ್ತಗೇ ಇರುತ್ತೆ” ಅಂದಳು. ಕಾರಿನ ಬಗ್ಗೆ ಇಷ್ಟು ದಿನ ನಾನು ಕೇಳಿದ ಮಾತುಗಳಲ್ಲಿ ಖರೀದಿ ತೀರ್ಮಾನವಾದದ್ದು ಇದೊಂದರಿಂದಲೇ.

ಓಡಿಸಿ ನೋಡಲು ಹೋದಾಗ ಬಟನ್ ಒತ್ತಿದೆ, ಸದ್ದಿಲ್ಲ. ಮತ್ತೆ ಒತ್ತಿದೆ. ಇಲ್ಲ. ಇನ್ನೊಮ್ಮೆ ಜೋರಾಗಿ ಒತ್ತಿದೆ. “ಭಾಯ್, ಬ್ಯಾಟರಿ ಡೌನು” ಅಂತ ಘೋಷಿಸಿದೆ. ಅವನು ಬಗ್ಗಿ ‘ರೆಡಿ’ ಅನ್ನುವ ಹಸಿರು ದೀಪ ತೋರಿಸಿದ. ಹೈಬ್ರಿಡ್ ಆದ್ದರಿಂದ ಮೊದಲು ಮೋಟಾರಿನಲ್ಲೇ ಹೊರಡುತ್ತದೆ, ಇಂಜಿನ್ ಬೇಕಾದಾಗ ಎದ್ದುಕೊಳ್ಳುತ್ತದೆ. ಎರಡನೇ ಸಲ ಒತ್ತಿ ನಾನು ಸ್ಟಾರ್ಟ್ ಆದ ಕಾರನ್ನೇ ಆಫ್ ಮಾಡಿದ್ದೆ. ಭಾಯ್ ಸ್ಕ್ಯಾನರ್ ಹಾಕಿ ಹಿಂದಿನ ಸೀಟಿನ ಬೆನ್ನಿಗಿರುವ ದೊಡ್ಡ ಬ್ಯಾಟರಿಯನ್ನು ಪರೀಕ್ಷೆ ಮಾಡಿ ತಲೆಯಾಡಿಸಿದ. ಅಮ್ಮ ಹತ್ತಿ ಕೂತು, “ಕೂತ್ಕೊಳ್ಳೋಕೆ ಸುಖವಾಗಿದೆ. ಇಷ್ಟು ತಗ್ಗಿನಿಂದ ಏಳ್ಸೋಕೆ ಮಾತ್ರ ಇಬ್ರು ಬೇಕು” ಅಂದಳು. ನನ್ನ ಅನುಭವದ ಮೇಲೆ ಹೇಳುವುದಾದರೆ, ಅದು ಸರಿಯಾದ ಲೆಕ್ಕ.

8 ಲಕ್ಷ ಸಾಲಲಿಲ್ಲ. ಮಗಳ ಹೆಸರಿನಲ್ಲಿದ್ದ ಒಂದು ಎಫ್‌ಡಿ, ನನ್ನ ಹೆಸರಿನಲ್ಲಿದ್ದ ಒಂದಿಷ್ಟು ಮರ್ಯಾದೆ ಮುರಿದು ಸೇರಿಸಿದೆ. ಫಾರಂ 29, ಫಾರಂ 30ಕ್ಕೆ ಸಹಿ ಬಿದ್ದು ಕಾರು ಮನೆಗೆ ಬಂತು. ತುಳಸಿಕಟ್ಟೆ ಇದ್ದಲ್ಲೇ ಇದೆ. ಕಾರಿನ ಹಿಂಭಾಗ ರಸ್ತೆಯಲ್ಲಿದೆ. ಗೇಟು ಹಗ್ಗ ಕಟ್ಟಿಸಿಕೊಂಡು ಅರ್ಧಕ್ಕೆ ನಿಂತಿದೆ. ಬೀದಿಯ ಹಂಪಿನದು ಇನ್ನೊಂದು ಕತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದಿಯದು ಯಾರದೋ ಮನೆ ಕಟ್ಟಿ ಮಿಕ್ಕ ಸಿಮೆಂಟಿನಲ್ಲಿ ಎದ್ದದ್ದು, ಅದು ಯಾವ ಕಾಂಗ್ರೆಸ್ಸಿಗೂ ಸೇರಿದ್ದಲ್ಲ. ಅದನ್ನು ದಾಟುವ ಮುಂಚೆ ಹಿಂದೆ ಕೂತವರನ್ನೆಲ್ಲ ಇಳಿಸಿ, ಕಾರನ್ನು ಓರೆಯಾಗಿ ಹತ್ತಿಸಿ, ಆಚೆ ಕಡೆ ಮತ್ತೆ ಹತ್ತಿಸಿಕೊಳ್ಳುತ್ತೇನೆ.

ಇಷ್ಟೆಲ್ಲ ಆದಮೇಲೆ ಒಂದು ಸತ್ಯ ಬೆಳಕಿಗೆ ಬಂತು. ಇಂಥ ಕಾರುಗಳನ್ನು ಮಾಡುವುದೇ ಹಿಂದೆ ಕೂರುವ ಯಜಮಾನರಿಗಾಗಿ. ಒರಗುವ ಸೀಟು ಹಿಂದೆ. ಬಿಸಿಲಿಗೆ ಏಳುವ ಪರದೆ ಹಿಂದೆ. ಆರ್ಮ್‌ರೆಸ್ಟಿನಲ್ಲಿ ಎ.ಸಿ.ಯ ಬಟನ್, ಹಾಡಿನ ಬಟನ್, ಅವೂ ಹಿಂದೆ. ನನ್ನ ಹೆಂಡತಿ ಅಲ್ಲಿ ಒರಗಿಕೊಂಡು ನನ್ನ ಹಾಡು ತೆಗೆದು ಅವಳ ಹಾಡು ಹಾಕುತ್ತಾಳೆ. ನನಗೆ ಸೆಕೆಯಾದರೆ ಅಮ್ಮನಿಗೆ ಚಳಿ, ಎ.ಸಿ. ಆಫ್. ಮಗಳು ಮುಂದೆ ಕೂರುವುದಿಲ್ಲ, “ಹಿಂದೇನೇ ಆರಾಮ್ ಅಪ್ಪ” ಅನ್ನುತ್ತಾಳೆ. ಡ್ರೈವರ್ ಇಡುವಷ್ಟು ಸಂಬಳ ನನಗೆ ಯಾವತ್ತೂ ಬಂದಿಲ್ಲ.

ಹೋದ ತಿಂಗಳು ಹುಣಸೂರು ರಸ್ತೆಯ ಛತ್ರದಲ್ಲಿ ಒಂದು ಮದುವೆ. ಸೆಕೆ ಅಂತ ಬಿಳೀ ಶರ್ಟು, ಬಿಳೀ ಪ್ಯಾಂಟು ಹಾಕಿಕೊಂಡಿದ್ದೆ. ಬಾಗಿಲಲ್ಲಿ ಕಾರು ನಿಲ್ಲಿಸಿದೆ. ಹಿಂದಿನಿಂದ ಮೂರು ರೇಷ್ಮೆ ಸೀರೆಗಳು ಇಳಿದವು. ಪನ್ನೀರು ಚಿಮುಕಿಸುತ್ತಿದ್ದ ಹುಡುಗ ಅವರಿಗೆಲ್ಲ ಚಿಮುಕಿಸಿ, ನನ್ನ ಕಡೆ ತಿರುಗಿ, “ಡ್ರೈವರಣ್ಣ, ಗಾಡಿ ಹಿಂದ್ಗಡೆ ಹಾಕ್ಬಿಡಿ. ನಿಮ್ಮ ಊಟ ಕೆಳಗಡೆ ಹಾಲಲ್ಲಿ” ಅಂದ. ನಾನು ಹೆಂಡತಿಯ ಮುಖ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಕೆಳಗಿನ ಹಾಲಿನಲ್ಲಿ ಎಲೆ ಆಗಲೇ ಹಾಕಿದ್ದರು. ಮೇಲಿನ ಪಂಕ್ತಿಗೆ ಇನ್ನೂ ಅರ್ಧ ಗಂಟೆ ಇತ್ತು. ಹಸಿದವನಿಗೆ ಬಿಸಿ ಬಿಸಿ ಹೋಳಿಗೆ ಎದುರಿಗಿದ್ದಾಗ ವಾದ ಯಾಕೆ? ಕೂತೆ. ಪಕ್ಕದ ಎಲೆಯವನು ಯಾರದೋ ಇನ್ನೋವಾ ತಂದವನು, ಒಳ್ಳೆಯ ಮನುಷ್ಯ. ನನಗೆ ಇನ್ನೊಂದು ಹೋಳಿಗೆ ಹಾಕಿಸಿದ.

“ಆ ಕ್ಯಾಮ್ರಿ ನಿಮ್ದಾ? ಸಾಹೇಬ್ರು ಹೆಂಗೆ?” ಅಂತ ಕೇಳಿದ.

“ಹೇಳ್ಬಾರ್ದು, ಕೈ ಸ್ವಲ್ಪ ಬಿಗಿ” ಅಂದೆ. “ಹಳೇ ಕಾರು ತಗೊಂಡು ಮೆರೀತಾ ಇದಾನೆ.”

“ಸಂಬಳ ಎಷ್ಟು ಕೊಡ್ತಾರೆ?”

“ಕೊಡೋದಿರ್ಲಿ, ಪೆಟ್ರೋಲಿಗೂ ನಾನೇ ಹಾಕ್ತೀನಿ.”

ಅವನು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ದಿಟ್ಟಿಸಿದ. “ಅಣ್ಣ, ಅಂಥೋರ ಹತ್ರ ಯಾಕಿದೀರಿ? ನಮ್ಮ ಸಾಹೇಬ್ರ ಅಣ್ಣನ ಮನೇಲಿ ಒಬ್ಬ ಡ್ರೈವರ್ ಬೇಕಾಗಿದಾನೆ. ಭಾನುವಾರ ರಜಾ, ಹಬ್ಬಕ್ಕೆ ಬೋನಸ್. ಮಾತಾಡ್ಲಾ?”

ಮೇಲಿನಿಂದ ಯಾರೋ ಬಂದು, ಕ್ಯಾಮ್ರಿ ಅಮ್ಮಾವ್ರು ಹೊರಡ್ತಾರಂತೆ ಅಂದರು. ಕೈ ತೊಳೆಯಲು ಏಳುವ ಮುಂಚೆ ನಾನು ಅವನ ಫೋನ್ ನಂಬರ್ ಬರೆದುಕೊಂಡೆ.