ಇಟಲಿಯ ಫ್ರೇಮಿಗೆ ಜಪಾನಿನ ಗೇರು

ಸೈಕಲ್ ಪತ್ರಿಕೋದ್ಯಮ ಕೆಟ್ಟುಹೋಯಿತು ಎಂದು ಗೊಣಗುವ ಸವಾರರಿಗೆ ಮೊದಲು ಅದರ ಜಾತಕ ತೋರಿಸಬೇಕು. 1903ರಲ್ಲಿ ಟೂರ್ ದ ಫ್ರಾನ್ಸ್ ಹುಟ್ಟಿದ್ದೇ 'ಲೋಟೊ' ಪತ್ರಿಕೆಯ ಪ್ರಸಾರ ಹೆಚ್ಚಲಿ ಎಂದು. ಪತ್ರಿಕೆಯ ಕಾಗದ ಹಳದಿ. 1919ರಿಂದ ಮುಂದಿರುವವನ ಅಂಗಿಯೂ ಹಳದಿ. ಇಟಲಿಯ 'ಗಜೆಟ್ಟಾ ದೆಲ್ಲೊ ಸ್ಪೋರ್ಟ್'ನದು ಗುಲಾಬಿ ಕಾಗದ, ಅಲ್ಲಿನ ರೇಸಿಗೆ ಗುಲಾಬಿ ಅಂಗಿ. ಸುದ್ದಿ ಇಲ್ಲವೇ? ಇವರೇ ಒಂದು ರೇಸು ಹುಟ್ಟಿಸಿ, ಅಂಗಿಯನ್ನೂ ತೊಡಿಸಿ, ಮರುದಿನ ವರದಿ ಬರೆದರು!

ಈಗಿನ ವಿಮರ್ಶಕರದು ಇನ್ನೊಂದು ವರಸೆ. ಈ ವರ್ಷದ ಫ್ರೇಮು ಹೋದ ವರ್ಷದ್ದಕ್ಕಿಂತ ಗಟ್ಟಿಯಂತೆ, ಹಗುರವಂತೆ, ಆದರೂ ಮೆತ್ತಗಂತೆ. ಹಾಗಾದರೆ ಹೋದ ವರ್ಷ ಇದೇ ಪುಟದಲ್ಲಿ ಹೊಗಳಿದ್ದು ಏನನ್ನು ಸ್ವಾಮಿ?

ಬಿಡಿಭಾಗ ಬೆರೆಸಬೇಡಿ, ಪೂರ್ತಿ ಸೆಟ್ಟೇ ಕೊಳ್ಳಿ ಎಂಬ ಉಪದೇಶವೂ ಉಂಟು. ಪಕ್ಕದ ಪುಟ ನೋಡಿದರೆ ಅದೇ ಸೆಟ್ಟಿನ ಜಾಹೀರಾತು. ಸವಾರರು ಕೇಳಬೇಕಲ್ಲ! ಜಪಾನಿನ ಶಿಮಾನೊ ಕಂಪನಿಯ 9 ಗೇರಿನ ರೋಡ್ ಶಿಫ್ಟರಿಗೆ ಮೌಂಟನ್ ಬೈಕಿನ 9 ಗೇರಿನ ಡಿರೇಲರ್ ಹಾಕಿದರೂ ನಡೆಯುತ್ತಿತ್ತು. 10 ಗೇರು ಬಂದಾಗ ಮೌಂಟನ್ ಬೈಕಿಗೆ ಕೇಬಲ್ ಎಳೆತದ ಅಳತೆಯನ್ನೇ ಬದಲಿಸಿದರು; ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದಂತಾಯಿತು. ತಮಾಷೆಯೆಂದರೆ, ಶಿಮಾನೊದ 11 ಗೇರಿನ ಕ್ಯಾಸೆಟ್ಟಿನ ಮೇಲೆ ಅಮೆರಿಕದ ಸ್ರಾಮ್ ಗೇರುಗಳು ತಕರಾರಿಲ್ಲದೆ ಓಡುತ್ತವೆ. ಸ್ವಂತದವರಿಗಿಂತ ಪರದೇಶಿಯೇ ವಾಸಿ.

ಇಷ್ಟಾದರೂ ಇಟಲಿಯ ಫ್ರೇಮಿನ ಮೇಲೆ ಜಪಾನಿನ ಗೇರು ಕಂಡರೆ ಮಡಿವಂತರಿಗೆ ಮೈಲಿಗೆ. ಲೋಗೊ ಉಜ್ಜಿ ಅಳಿಸಿದರೆ ಅರ್ಧ ಜಗಳ ಮುಗಿದೀತು; ಉಳಿದರ್ಧಕ್ಕೆ ಕೇಬಲ್ ಬಿಗಿ ಮಾಡುವ ತಿರುಪು ಇದ್ದೇ ಇದೆ.