ಹಲಗಿಯ ಹದ, ಗದ್ದದ ಜೋಲು: ಚರ್ಮಬಂಧನಶಾಸ್ತ್ರದ ನವಲಗುಂದ ಮೂಲ

ಕತ್ತಿ ಕತ್ತರಿ ಮುಟ್ಟಿಸದೆ ಮೋರೆಯ ತೊಗಲು ಬಿಗಿ ಮಾಡುವ ವಿದ್ಯೆ ಅಮೆರಿಕದಲ್ಲಿ ಹುಟ್ಟಿತೆಂದು ಪರದೇಶದ ಪಂಡಿತರು ನಂಬಿಕೊಂಡಿದ್ದಾರೆ. ಅಲ್ಲಿಯ ಸರ್ಕಾರ ರೇಡಿಯೋ ತರಂಗದ ಯಂತ್ರಕ್ಕೆ ಕಣ್ಣಿನ ಸುತ್ತಲ ಸುಕ್ಕಿನ ಮಟ್ಟಿಗೆ 2002ರಲ್ಲಿ ಒಪ್ಪಿಗೆ ಕೊಟ್ಟಿತು. ಕಿವಿಗೆ ಕೇಳದ ಶಬ್ದದಿಂದ ಕೆಲಸ ಮಾಡುವ ಇನ್ನೊಂದು ಯಂತ್ರ 2009ರಲ್ಲಿ ಹುಬ್ಬಿಗೂ 2012ರಲ್ಲಿ ಗದ್ದ-ಕೊರಳಿಗೂ ಪರವಾನಗಿ ಪಡೆಯಿತು. ಈ ಮೂರು ಇಸವಿಗಳ ಮೇಲೆ ಅವರ ಕೀರ್ತಿಯೆಲ್ಲ ನಿಂತಿದೆ. ಪ್ರಸ್ತುತ ಪ್ರಬಂಧಕಾರನು ಆ ಕೀರ್ತಿಯನ್ನು ಧಾರವಾಡ ಜಿಲ್ಲೆಗೆ ಮರಳಿ ತರಲು ಟೊಂಕ ಕಟ್ಟಿದ್ದಾನೆ. ಸಾಕ್ಷಿ ಬೇಕೆನ್ನುವವರು ಹೋಳಿ ಹುಣ್ಣಿವಿಯ ಸುಮಾರಿಗೆ ನವಲಗುಂದದ ಯಾವುದಾದರೂ ಓಣಿಗೆ ಬಂದು, ರವದಿಗೆ ಕಡ್ಡಿ ಗೀರಿ ಹಲಗಿ ಕಾಸುತ್ತ ಕೂತ ಹುಡುಗರನ್ನು ನೋಡಬಹುದು.

ಸೂತ್ರ ಇಷ್ಟೇ: ಸಡಿಲಾದ ತೊಗಲು ಕಾವಿಗೆ ಬಿಗಿಯುತ್ತದೆ. ಭಾಷ್ಯ ಮಾತ್ರ ಉದ್ದ. ಮೋರೆಯ ತೊಗಲಿನೊಳಗೆ ಕೊಲಾಜೆನ್ ಎಂಬ ನಾರುಂಟು. ಮೂರು ಎಳೆ ಹೊಸೆದ ಹಗ್ಗದಂಥದು. ಅದಕ್ಕೆ 60ರಿಂದ 70 ಡಿಗ್ರಿ ಸೆಲ್ಸಿಯಸ್ ಕಾವು ತಾಗಿದರೆ ಹೊಸೆತ ಬಿಚ್ಚಿ ಹಗ್ಗ ಗಿಡ್ಡವಾಗುತ್ತದೆ. ಶಬ್ದದ ಯಂತ್ರವು ಬಿಸಿಲಿಗೆ ಭೂತಗನ್ನಡಿ ಹಿಡಿದಂತೆ, ಮೇಲಿನ ತೊಗಲನ್ನು ಸುಡದೆ ಒಂದೂವರೆ, ಮೂರು, ನಾಲ್ಕೂವರೆ ಮಿಲಿಮೀಟರ್ ಆಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಸುತ್ತದೆ. ಆಮೇಲೆ ಮೈ ‘ಇಲ್ಲೆಲ್ಲೋ ಗಾಯವಾಗಿದೆ’ ಎಂದು ಮೋಸಹೋಗಿ, ಮುಂದಿನ ಮೂರರಿಂದ ಆರು ತಿಂಗಳು ಹೊಸ ನಾರು ಹೊಸೆಯುತ್ತ ಕೂಡುತ್ತದೆ.

ಇಲ್ಲಿ ಒಂದು ಪೂರ್ವಪಕ್ಷ. ಹಲಗಿಯ ತೊಗಲು ಸತ್ತದ್ದು. ಬೆಂಕಿ ಅದರ ಹಸಿ ಆರಿಸುತ್ತದೆಯೇ ಹೊರತು ಅದು ಹೊಸ ನಾರು ಹೊಸೆಯಲಾರದು ಎಂದು ವೈದ್ಯನೊಬ್ಬ ಆಕ್ಷೇಪಿಸಬಹುದು. ಮಾತು ನಿಜ. ಆದ್ದರಿಂದಲೇ ಅದನ್ನು ಇಲ್ಲಿಗೆ ಬಿಡುತ್ತೇನೆ.

ಶಸ್ತ್ರವಿಲ್ಲದ ಉಷ್ಣಚಿಕಿತ್ಸೆಯ ಮೊದಲ ರೋಗಿ ಕಾಮಣ್ಣ. ಯಂತ್ರ, ಶಿವನ ಮೂರನೆಯ ಕಣ್ಣು. ಒಪ್ಪಿಗೆಪತ್ರಕ್ಕೆ ರೋಗಿಯ ಸಹಿ ಇರಲಿಲ್ಲ, ಆಳದ ಲೆಕ್ಕ ಇರಲಿಲ್ಲ, ಜೆಲ್ ಸವರಿದ ಉಲ್ಲೇಖವೂ ಇಲ್ಲ. ತೊಗಲಷ್ಟೇ ಬಿಗಿಯಬೇಕಾದಲ್ಲಿ ಮೈಯೇ ಹೋಗಿ ಅನಂಗನಾದ. ಸುಕ್ಕು ಮತ್ತೆ ಬರಲಿಲ್ಲ ಎಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು. ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆ ಇಂದಿಗೂ ಜನ ಹರಕೆ ಹೊತ್ತು ಸಾಲುಗಟ್ಟುತ್ತಾರೆ. ಮೈಯ ತಕರಾರನ್ನು ಮೈ ಇಲ್ಲದವನಿಗೆ ಹೇಳಿಕೊಳ್ಳುವ ಧೈರ್ಯ ನಮ್ಮ ಸೀಮೆಯವರಿಗಲ್ಲದೆ ಯಾರಿಗುಂಟು?

ಜಿಲ್ಲೆಯೊಳಗೆ ಇತರ ಪಂಥಗಳೂ ಇವೆ. ಸವಾಯಿ ಗಂಧರ್ವರ ಊರಾದ ಕುಂದಗೋಳದವರು ತಬಲಾ ಪಂಥದವರು: ಬೆಂಕಿ ಬೇಡ, ಗಟ್ಟಿಗಳನ್ನು ಸಣ್ಣ ಸುತ್ತಿಗೆಯಿಂದ ಬಡಿದರೆ ತೊಗಲು ತಾನೇ ಶ್ರುತಿಗೆ ಬರುತ್ತದೆ ಎನ್ನುತ್ತಾರೆ. ಈ ವಿಧಾನವನ್ನು ಕೊರಳಿಗೆ ಶಿಫಾರಸು ಮಾಡಲಾರೆ. ಕಲಘಟಗಿಯವರು ಬಣ್ಣದ ತೊಟ್ಟಿಲು ಮಾಡುವವರು. ಅವರ ಗಿರಾಕಿಗೆ ಮೈತುಂಬ ಸುಕ್ಕಿದ್ದರೂ ಎಲ್ಲರೂ ಮುದ್ದು ಮಾಡುತ್ತಾರೆ, ಹಾಗಾಗಿ ಅಲ್ಲಿ ಶಾಸ್ತ್ರ ಬೆಳೆಯಲಿಲ್ಲ. ಅಣ್ಣಿಗೇರಿ ಪಂಥ ಮಾತ್ರ ಗಂಭೀರ. ತಾಯಿಯ ಕಡೆಯಿಂದ ಆ ಊರಿನವನಾದ ಪಂಪ 941ರ ಆದಿಪುರಾಣದಲ್ಲಿ ಲಲಿತಾಂಗದೇವನ ಕೊರಳ ಮಾಲೆ ಬಾಡಿದ್ದನ್ನು ಹೇಳಿದ್ದಾನೆ. ಮಾಲೆ ಬಾಡಿತೆಂದರೆ ದೇವತೆಗೆ ಉಳಿದದ್ದು ಆರೇ ತಿಂಗಳು. ಗಮನಿಸಿ: ಕೊರಳು, ಮತ್ತು ಆರು ತಿಂಗಳು. ದವಾಖಾನೆಯವರು ಫಲ ಕಾಣಲು ಕೊಡುವ ವಾಯಿದೆಯೂ ಅಷ್ಟೇ. ಇದನ್ನು ಕಾಕತಾಳೀಯ ಎನ್ನುವವರ ಜೊತೆ ನನಗೆ ವಾದವಿಲ್ಲ.

ಕ್ಷೇತ್ರಕಾರ್ಯಕ್ಕೆ ಒದಗಿದವರು ನಮ್ಮ ವೈನಿ. ವಯಸ್ಸು ಹೇಳುವಂತಿಲ್ಲ. ಮಗಳ ನಿಶ್ಚಯದ ಫೋಟೋದಲ್ಲಿ ತಮ್ಮ ಗದ್ದದ ಕೆಳಗೆ ಎತ್ತಿನ ಗಂಗೆದೊಗಲು ಕಂಡಿತೆಂದು, ಆ ವರ್ಷದ ಹೆಸರುಕಾಳಿನ ರೊಕ್ಕ ಗಂಟು ಕಟ್ಟಿಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದರು. ಎತ್ತಿಗೆ ಅದೇ ಭೂಷಣ, ಬಿಸಿಲಿನ ಕಾವು ಕಳೆಯಲೂ ಅನುಕೂಲ ಎಂದು ನಾನು ವಿವರಿಸಿದೆ. ಹುಬ್ಬಳ್ಳಿ ಮುಟ್ಟುವತನಕ ಅವರು ಮಾತಾಡಲಿಲ್ಲ.

ದವಾಖಾನೆಯಲ್ಲಿ ಮೊದಲು ಮೋಜಣಿ ನಡೆಯಿತು. ಬಿಳಿ ಪೆನ್ಸಿಲು, ಅಳತೆಪಟ್ಟಿ ಹಿಡಿದು ಕೆನ್ನೆಯನ್ನು ಪಟ್ಟಿ ಪಟ್ಟಿಯಾಗಿ ವಿಂಗಡಿಸಿದರು. ಕೊರಳಿನ ನಡುವೆ, ಉಸಿರುಗೊಳವೆ ಮತ್ತು ಥೈರಾಯ್ಡ್ ಇರುವ ಜಾಗವನ್ನು, ಹೊಲದ ಅಳತೆಯಲ್ಲಿ ಖರಾಬು ಬಿಟ್ಟಂತೆ ಬಿಟ್ಟರು. ತಣ್ಣನೆಯ ಜೆಲ್ ಸವರಿ ಯಂತ್ರ ಒತ್ತಿದಾಗ, ದವಡೆಯ ಎಲುಬಿನ ಹತ್ತಿರ ಬಂದಂತೆ ವೈನಿ ನನ್ನ ಕೈ ಹಿಡಿದರು. ಪ್ರೀತಿಗಲ್ಲ. ನನ್ನ ಬೆರಳುಗಳಲ್ಲಿ ಆ ದಿನದ ಗುರುತು ಉಳಿದಿದೆ.

“ಹೆಂಗ ಅನಸ್ತೈತಿ ವೈನಿ?” ಎಂದು ಟಿಪ್ಪಣಿಪುಸ್ತಕ ತೆರೆದೆ.

“ಒಳಗ ಸಾಸಿವಿ ಸಿಡದಂಗ. ನೀ ಬರಕೊಂಡ್ರ ಆ ಪುಸ್ತಕಾನೂ ಇಲ್ಲೇ ಸುಡತೇನಿ.”

ಮೂರು ತಿಂಗಳಿಗೆ ಎರಡು ಫೋಟೋ ತೋರಿಸಿದರು. ಮೊದಲನೆಯದರಲ್ಲಿ ವೈನಿ ನೆಲ ನೋಡುತ್ತಿದ್ದರು, ಎರಡನೆಯದರಲ್ಲಿ ಗದ್ದ ಎತ್ತಿ ಬೆಳಕು ನೋಡುತ್ತಿದ್ದರು. “ಗದ್ದ ಎತ್ತಿದ್ರ ನಮ್ಮ ಎಮ್ಮಿನೂ ಚಂದ ಕಾಣತೈತಿ” ಎಂಬುದು ವೈನಿಯ ಷರಾ. ಆದರೂ ದವಡೆಯ ಗೆರೆ ತುಸು ಮೇಲೆ ಬಂದದ್ದು ನಿಜ. ಓರಗಿತ್ತಿಯರು ಕೇಳದೆಯೇ ಅದನ್ನು ಗುರುತಿಸಿದರು. ನನಗೆ ತಿಳಿದಮಟ್ಟಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ವೈದ್ಯಲೋಕದಲ್ಲಿಲ್ಲ.

ಹೋಳಿಯ ರಾತ್ರಿ ವೈನಿಯನ್ನು ಸಾಕ್ಷಿಯಾಗಿ ಕರೆದುಕೊಂಡು, ಹಲಗಿ ಬಾರಿಸುವ ಅಜ್ಜನ ಬಳಿ ಹೋದೆ. ಹತ್ತಿಕಟಗಿ ಉರಿಯುತ್ತಿತ್ತು. ಅಜ್ಜ ಹಲಗಿಯನ್ನು ಉರಿಗೆ ಓರೆ ಹಿಡಿದು ತಿರುವಿ, ಬೆರಳಿಂದ ಮೀಟಿ, ಮತ್ತೆ ಹಿಡಿದ. ನಾನು ಯಂತ್ರದ ವೃತ್ತಾಂತವನ್ನೆಲ್ಲ ಅರುಹಿದೆ.

“ಹಂಗಾರ ಅಕ್ಕಾರ ಮಾರಿ ಎಷ್ಟ ದಿನಕ್ಕೊಮ್ಮೆ ಕಾಸಬೇಕರಿ?”

“ವರ್ಷ, ಒಂದೂವರಿ ವರ್ಷಕ್ಕೊಮ್ಮೆ ಅಂತ, ಅಜ್ಜಾರ.”

“ಸೋವಿ ಆತಲ್ರಿ! ನಂದು ತಾಸಿಗೊಮ್ಮೆ.”

ಪಕ್ಕದಲ್ಲಿ ಮೊಮ್ಮಗ ಪೇಟೆಯಿಂದ ತಂದ ಪ್ಲಾಸ್ಟಿಕ್ ಹಲಗಿ ಬಡಿಯುತ್ತಿದ್ದ. ಅದಕ್ಕೆ ಕಾವು ಬೇಡ, ಎಂದೂ ಸಡಿಲಾಗುವುದೂ ಇಲ್ಲ. ಪ್ಲಾಸ್ಟಿಕ್ ಸರ್ಜರಿಯ ಮೂಲವೂ ನವಲಗುಂದವೇ ಎಂದು ತಕ್ಷಣ ಬರೆದುಕೊಂಡೆ. ಅದರ ಸದ್ದು ಕೇಳಿ ಅಜ್ಜ ಮುಖ ಕಿವುಚಿದ. ಆ ಸುಕ್ಕುಗಳನ್ನು ಎಣಿಸಲು ಬೆಳಕು ಸಾಲಲಿಲ್ಲ.

ಬೆಳಕಿಗೆಂದು ನಾನು ಉರಿಯ ಹತ್ತಿರ ಸರಿದೆ. ಸರಿದವನು, ಯಾರೂ ನೋಡುತ್ತಿಲ್ಲವೆಂದು ಬಗೆದು, ಗದ್ದವನ್ನು ತುಸು ಮೇಲೆತ್ತಿ ಕೊರಳನ್ನು ಆ ಕಡೆ ತಿರುಗಿಸಿದೆ.

“ಸರ, ಹಿಂದ ಸರೀರಿ” ಎಂದ ಅಜ್ಜ. “ಮೀಸಿ ವಾಸನಿ ಬರಾಕ ಹತ್ತೈತಿ.”